ಹುಡುಗರನ್ನ ಕೊಟ್ಟು ಹಳಬರನ್ನ ತರಬೇಡ್ರಪ್ಪಾ

ನಮ್ಮ ಪಿಟ್ಸ್‌ಬರ್ಗಿನ ಬೇಸ್‌ಬಾಲ್ ಟೀಮ್ ಪೈರೇಟ್ಸ್ ವಿಷ್ಯದಲ್ಲಿ ನಾನೆಷ್ಟು ತಲೆ ಕೆಡಿಸ್ಕೋತೀನಿ ಅಂತ ನಿಮಗೆಲ್ಲಾ ಗೊತ್ತು, ಆದ್ರೂ ಇದನ್ನ ಬರೀಲೇಬೇಕು. ಇವತ್ತು ಪೆನ್ ಹಿಲ್ಸ್ ದೇವಸ್ಥಾನದಲ್ಲಿ ಪುಳಿಯೋಗರೆ ತಿಂತಾ ಕೂತಿದ್ದಾಗ ಪಕ್ಕದಲ್ಲಿದ್ದ ಗೆಳೆಯರೊಬ್ರು "ಪಾಲ್ ಸ್ಕೀನ್ಸ್ ಥರದ ಸ್ಟಾರ್ ಪಿಚರ್ (ಚೆಂಡು ಎಸೆಯೋನು) ಇರೋವಾಗ್ಲೇ ಗೆಲ್ಬೇಕು ಸಾರ್, ಕಾನರ್ ಗ್ರಿಫಿನ್ ಥರದ ಹುಡುಗರನ್ನ ಕೊಟ್ಟಾದ್ರೂ ಇಬ್ರು ಸೀನಿಯರ್ ಬ್ಯಾಟರ್‌ಗಳನ್ನ ತರ್ಬೇಕು" ಅಂದ್ರು. ಪಿಟ್ಸ್‌ಬರ್ಗಲ್ಲೇ ಇದ್ದು ಈ ಮಾತಾ? 2018 ಇಷ್ಟು ಬೇಗ ಮರ್ತೋಯ್ತಾ?

ಆ ವರ್ಷ ಜನವರಿಲಿ ಪಿಚರ್ ಗೆರಿಟ್ ಕೋಲ್‌ನ ಹ್ಯೂಸ್ಟನ್‌ಗೂ ನಮ್ಮ ಸ್ಟಾರ್ ಬ್ಯಾಟರ್ ಮೆಕಚನ್‌ನ ಸ್ಯಾನ್ ಫ್ರಾನ್ಸಿಸ್ಕೋಗೂ ಕಳಿಸಿದ್ರು. ಹೊಟ್ಟೆ ಉರೀತು, ಆದ್ರೂ ಟೀಮ್ ಹೊಸದಾಗಿ ಕಟ್ತಾರಲ್ಲ ಅಂತ ಒಪ್ಕೊಂಡ್ವಿ. ಜುಲೈನಲ್ಲಿ ಸತತ 11 ಮ್ಯಾಚ್ ಗೆದ್ರು ನೋಡಿ, ಅಷ್ಟಕ್ಕೇ ಜನವರಿಯ ಲೆಕ್ಕ ಎಲ್ಲಾ ಉಲ್ಟಾ. ಜುಲೈ 31ಕ್ಕೆ ಟ್ಯಾಂಪಾ ಬೇಯಿಂದ 29 ವರ್ಷದ ಪಿಚರ್ ಕ್ರಿಸ್ ಆರ್ಚರ್ ಬಂದ್ರು, ಅವರಿಗೋಸ್ಕರ ನಮ್ಮ ಹುಡುಗರು ಪಿಚರ್ ಟೈಲರ್ ಗ್ಲಾಸ್ನೌ, ಬ್ಯಾಟರ್ ಆಸ್ಟಿನ್ ಮೆಡೋಸ್ ಹೋದ್ರು, ಸಾಲದು ಅಂತ ಹಿಂದಿನ ವರ್ಷ ತಾನೇ ಹೊಸ ಹುಡುಗರನ್ನ ಆರಿಸೋ ಡ್ರಾಫ್ಟಿನ ಫಸ್ಟ್ ರೌಂಡಲ್ಲಿ ಆರಿಸ್ಕೊಂಡಿದ್ದ ಶೇನ್ ಬಾಜ್‌ನೂ ಕೊಟ್ರು. ಬಿತ್ತನೆ ಬೀಜನೇ ಹುರ್ಕೊಂಡು ತಿಂದಂಗೆ.

ಸಿಕ್ಕಿದ್ದೇನು? 82 ಗೆಲುವು, 79 ಸೋಲು, ಪ್ಲೇಆಫ್ ಇಲ್ಲ. 2019ರಲ್ಲಿ ಆರ್ಚರ್ 3 ಗೆದ್ದು 9 ಸೋತ್ರು, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಕೊಡೋ ರನ್ನಿನ ಸರಾಸರಿ, ಕಮ್ಮಿ ಇದ್ದಷ್ಟೂ ಒಳ್ಳೇದು) 5.19, ಟೀಮ್ ಸೋತಿದ್ದು 93 ಮ್ಯಾಚು. 2020ರಲ್ಲಿ ಆಪರೇಷನ್ ಆಗಿ ಅವರು ಆಡಲೇ ಇಲ್ಲ. ಅವರ ಮೇಲೆ ನಂಗೆ ಸಿಟ್ಟಿಲ್ಲ, ಮೈ ಕೈಕೊಟ್ರೆ ಅವರೇನು ಮಾಡ್ತಾರೆ. ಸಿಟ್ಟು ಆ ಡೀಲ್ ಮೇಲೆ. ಅತ್ಲಾಗೆ ಮೆಡೋಸ್ 2019ರಲ್ಲಿ 33 ಹೋಮ್ ರನ್ ಹೊಡ್ದು ಆಲ್ ಸ್ಟಾರ್ ಆದ, 2020ರ ವರ್ಲ್ಡ್ ಸೀರೀಸ್ ಅನ್ನೋ ಫೈನಲ್ ಸರಣಿಯ ಮೊದಲ ಮ್ಯಾಚಿಗೆ ಗ್ಲಾಸ್ನೌ ಪಿಚ್ ಮಾಡ್ದ. ಈಗ್ಲೂ ಅವನು ಟಿವಿಲಿ ಬಂದ್ರೆ ನಂಗೆ ನೋಡೋಕಾಗಲ್ಲ, ಎದ್ದು ಹೋಗ್ತೀನಿ.

ಇಷ್ಟು ಹೇಳಿದ್ರೆ ತಕ್ಷಣ ಕ್ಯಾನ್ಸಸ್ ಸಿಟಿ ಕಥೆ ತೆಗೀತಾರೆ. 2012ರ ಡಿಸೆಂಬರಲ್ಲಿ ಅಲ್ಲಿನ ರಾಯಲ್ಸ್ ಟೀಮ್ ವಿಲ್ ಮೈಯರ್ಸ್ ಅನ್ನೋ ಭರವಸೆಯ ಹುಡುಗನ್ನ ಕೊಟ್ಟು ಪಿಚರ್‌ಗಳಾದ ಜೇಮ್ಸ್ ಶೀಲ್ಡ್ಸ್, ವೇಡ್ ಡೇವಿಸ್‌ನ ತಂದ್ರು, 2015ರಲ್ಲಿ ಕಪ್ ಗೆದ್ರು, ನಿಜ. ಆದ್ರೆ ಅಷ್ಟೊತ್ತಿಗೆ ಹಾಸ್ಮರ್, ಮುಸ್ಟಾಕಸ್, ಪೆರೆಸ್ ಅವರದ್ದೇ ಫಾರ್ಮ್‌ನಿಂದ (ಹುಡುಗರನ್ನ ಬೆಳೆಸೋ ಕೆಳಗಿನ ಟೀಮುಗಳಿಂದ) ಬಂದು ಟೀಮಲ್ಲಿ ಕೂತಿದ್ರು. ಅದೇ ಟೀಮಿನ ಕೇನ್, ಎಸ್ಕೋಬಾರ್ ಬಂದಿದ್ದಂತೂ 2010ರಲ್ಲಿ ಗ್ರೆಂಕಿ ಅನ್ನೋ ಸ್ಟಾರ್ ಪಿಚರ್‌ನ ಬಿಟ್ಕೊಟ್ಟಿದ್ದಕ್ಕೆ! ಹುಡುಗರನ್ನ ಬೆಳೆಸಿದ್ಮೇಲೆ ಅವರು ಹಳಬರನ್ನ ತಂದಿದ್ದು. ನಮ್ಮಲ್ಲಿ ಯಾರಿದಾರೆ? 2025ರಲ್ಲಿ ಸ್ಕೀನ್ಸ್ 1.97 ಇಆರ್‌ಎ ಇಟ್ಕೊಂಡು ವರ್ಷದ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಗೆದ್ರೂ ಅವನ ಲೆಕ್ಕಕ್ಕೆ ಬಂದಿದ್ದು 10 ಗೆಲುವು 10 ಸೋಲು, ಟೀಮ್ 71-91. ಬ್ಯಾಟ್ ಮಾಡೋರೇ ಇಲ್ಲ ಕಣ್ರೀ, ಇರೋ ಒಬ್ಬಿಬ್ಬರು ಭರವಸೆಯ ಹುಡುಗರನ್ನೂ ಕೊಟ್ಬಿಟ್ರೆ 2027ಕ್ಕೆ ಯಾರು ಆಡ್ತಾರೆ?

ಸೀನಿಯರ್‌ಗಳು ಬೇಡ ಅಂತ ನಾನು ಹೇಳ್ತಿಲ್ಲ. ದುಡ್ಡು ಕೊಟ್ಟು ತನ್ನಿ ಅಂತಿದೀನಿ. ಫ್ರೀ ಏಜೆಂಟ್‌ಗಳು (ಒಪ್ಪಂದ ಮುಗ್ದು ಯಾವ ಟೀಮಿಗೆ ಬೇಕಾದ್ರೂ ಹೋಗಬಹುದಾದ ಆಟಗಾರರು) ಪ್ರತೀ ಚಳಿಗಾಲದಲ್ಲೂ ಸಿಗ್ತಾರೆ, ಅವರಿಗೆ ಖರ್ಚಾಗೋದು ಓನರ್ ಬಾಬ್ ನಟಿಂಗ್ ಅವರ ದುಡ್ಡು, ಟೀಮಿನ ಭವಿಷ್ಯ ಅಲ್ಲ. ಒಬ್ಬ ಹುಡುಗ ಮೇಜರ್ ಲೀಗಿಗೆ ಬಂದ್ರೆ ಆರು ವರ್ಷ ನಮ್ಮ ಹತ್ರನೇ ಇರ್ತಾನೆ, ಮೊದಮೊದಲು ಸಂಬಳನೂ ಕಮ್ಮಿ. ಸಣ್ಣ ಊರಿನ ಟೀಮ್ ಬದುಕೋದೇ ಅದರಿಂದ. ಸ್ಕೀನ್ಸ್ 2029ರವರೆಗೂ ನಮ್ಮವನೇ. ನಟಿಂಗ್ ಅವರು ಈ ಸಲ ಗಲ್ಲಾಪೆಟ್ಟಿಗೆ ತೆಗೀಲಿ, ಹುಡುಗರ ತಂಟೆಗೆ ಮಾತ್ರ ಹೋಗೋದು ಬೇಡ.