ಮೊದಲು ಯಾವುದನ್ನು ಬಿಚ್ಚೋಣ?

ರಿಪೇರಿ ಕಲಿಯಬೇಕು ಅನ್ನುವ ಹುಕಿ ಬಂದವರೆಲ್ಲ ಮೊದಲು ಕಣ್ಣು ಹಾಕುವುದು ಮೊಬೈಲಿನ ಮೇಲೆ. ಅದು ಸಹಜವೇ. ಬೆಳಗಿನಿಂದ ರಾತ್ರಿವರೆಗೆ ಕೈಯಲ್ಲಿರುವುದು ಅದೇ, ಬಿದ್ದು ಒಡೆಯುವುದೂ ಅದೇ. ಯೂಟ್ಯೂಬಿನಲ್ಲಿ ಯಾವನೋ ಹುಡುಗ ಎಂಟು ನಿಮಿಷದಲ್ಲಿ ಹಳೇ ಡಿಸ್‌ಪ್ಲೇ ಕಿತ್ತು, ಹೊಸದು ಕೂರಿಸಿ, ಬಟ್ಟೆಯಿಂದ ಒರೆಸಿ, ನಗುತ್ತಾನೆ. ಅಂಗಡಿಯವರು ಕೇಳಿದ ರೇಟು ನೆನಪಾಗುತ್ತದೆ. ಇಷ್ಟೇನಾ, ನಾವೇ ಮಾಡ್ಕೋಬಹುದಲ್ವಾ ಅನಿಸುತ್ತದೆ. ಆ ಹುಡುಗ ಅದಕ್ಕೂ ಮೊದಲು ಎಷ್ಟು ಡಿಸ್‌ಪ್ಲೇ ಒಡೆದು ಹಾಕಿದ್ದ ಅನ್ನುವುದು ವಿಡಿಯೊದಲ್ಲಿ ಬರುವುದಿಲ್ಲ.

ನನ್ನ ಲೆಕ್ಕ ಬೇರೆ. ಯಾವುದನ್ನು ಬಿಚ್ಚುವುದು ಸುಲಭ ಅಂತ ಯೋಚಿಸುವ ಮೊದಲು, ಬಿಚ್ಚಿದ ವಸ್ತು ಹಾಗೇ ಮೂರು ದಿನ ಟೇಬಲ್ ಮೇಲೆ ಬಿದ್ದಿದ್ದರೆ ಮನೆಯಲ್ಲಿ ಯಾರು ಕೂಗಾಡುತ್ತಾರೆ ಅಂತ ಯೋಚಿಸಬೇಕು. ರಿಪೇರಿಯಲ್ಲಿ ಕಷ್ಟ ಕೊಡುವುದು ಸ್ಕ್ರೂ, ವೈರುಗಳಿಗಿಂತ ಹೆಚ್ಚಾಗಿ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತವರು. "ಇನ್ನೂ ಆಗಿಲ್ವಾ?" ಅನ್ನುವ ಪ್ರಶ್ನೆ ಕಿವಿಗೆ ಬಿದ್ದ ಮೇಲೆ ಎಂಥವನ ಕೈಯೂ ನಡುಗುತ್ತದೆ.

ಹಾಗೆ ನೋಡಿದರೆ ಮಿಕ್ಸಿಗೆ ಕೈ ಹಾಕುವ ಮಾತೇ ಇಲ್ಲ. ಬೆಳಿಗ್ಗೆ ಏಳೂವರೆಗೆ ಚಟ್ನಿ ಆಗಬೇಕು. ನಿಮ್ಮ ಕಲಿಕೆಯ ಆಸೆಗಾಗಿ ಇಡ್ಲಿಗೆ ಬರೀ ಚಟ್ನಿಪುಡಿ ಹಾಕಿಕೊಂಡು ತಿನ್ನುವ ಮನೆ ನಾನಂತೂ ನೋಡಿಲ್ಲ. ಟಿವಿ ರಿಮೋಟನ್ನು ಮಧ್ಯಾಹ್ನ ಬೇಕಾದರೆ ಬಿಚ್ಚಿ, ಸಂಜೆ ಸೀರಿಯಲ್ ಹೊತ್ತಿಗೆ ಬೇಡ. ವೈಫೈ ಡಬ್ಬಿಯನ್ನು ಮುಟ್ಟಿದರೆ ಮನೆಮಂದಿಯೆಲ್ಲ ಒಟ್ಟಿಗೇ ರೂಮಿನಿಂದ ಹೊರಗೆ ಬರುತ್ತಾರೆ. ಮತ್ತೆ ಈ ಮೊಬೈಲು? ಅದನ್ನು ಬಿಚ್ಚಿಟ್ಟರೆ ಕೂಗಾಡುವವರು ನೀವೇ. ಸಾಲದ್ದಕ್ಕೆ ಒಳಗೆ ಎಲ್ಲವೂ ಅಂಟು ಹಾಕಿ ಕೂರಿಸಿದ್ದು. ಬಿಸಿ ಮಾಡಿ ಎಬ್ಬಿಸಬೇಕು. ಎಬ್ಬಿಸುವಾಗ ಲಿಥಿಯಂ ಬ್ಯಾಟರಿಗೆ ಚೂಪಾದದ್ದು ಚುಚ್ಚಿತೋ, ಬೆಂಕಿ ಹತ್ತಿಕೊಳ್ಳಬಹುದು. ಕಣ್ಣಿಗೆ ಒಂದೇ ಥರ ಕಾಣುವ ಸ್ಕ್ರೂಗಳ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಉದ್ದದ್ದನ್ನು ಗಿಡ್ಡದರ ತೂತಿಗೆ ತಿರುಗಿಸಿದರೆ ಕೆಳಗಿನ ಬೋರ್ಡೇ ಹಾಳು. ಇದು ಕಡೇ ವರ್ಷದ ಪಾಠ, ಒಂದನೇ ಕ್ಲಾಸಿನದ್ದಲ್ಲ.

ಹಾಗಾದರೆ ಯಾವುದು? ಯಾರೂ ಕಾಯದೇ ಇರುವ ವಸ್ತು. ಪ್ರತಿ ಮನೆಯ ಅಟ್ಟದಲ್ಲೂ ಅಂಥದ್ದರ ಒಂದು ರಾಶಿ ಇರುತ್ತದೆ. "ಆಮೇಲೆ ನೋಡೋಣ" ಅಂತ ಎತ್ತಿಟ್ಟ ಟೇಬಲ್ ಫ್ಯಾನು, ಹೊಸದು ಬಂದ ಮೇಲೂ ಎಸೆಯಲು ಮನಸ್ಸಾಗದ ಇಸ್ತ್ರಿ ಪೆಟ್ಟಿಗೆ, ನಿಂತುಹೋದ ಗೋಡೆ ಗಡಿಯಾರ, ಅಜ್ಜನ ಕಾಲದ ರೇಡಿಯೊ, ಕರೆಂಟು ಹೋದಾಗ ಮಾತ್ರ ನೆನಪಾಗುವ ಟಾರ್ಚು. ನಮ್ಮಲ್ಲಿ ಕೆಟ್ಟದ್ದನ್ನು ಎಸೆಯುವ ರೂಢಿ ಇಲ್ಲ, ರಿಪೇರಿ ಮಾಡಿಸುವ ಆತುರವೂ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಾ?

ನಾನು ಗಡಿಯಾರಕ್ಕೆ ಓಟು ಹಾಕುತ್ತೇನೆ. ಒಂದು ಸೆಲ್ಲಿನಲ್ಲಿ ಓಡುವುದರಿಂದ ಶಾಕ್ ಹೊಡೆಯುವ ಭಯವಿಲ್ಲ. ಹಿಂದಿನ ಕರೀ ಡಬ್ಬಿಯೊಳಗೆ ಸಣ್ಣದೊಂದು ಸ್ಫಟಿಕ ಇದೆ. ಅದು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಆ ಸಂಖ್ಯೆಯನ್ನು ಅರ್ಧ, ಅರ್ಧದ ಅರ್ಧ ಅಂತ 15 ಸಲ ಮಾಡುತ್ತಾ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಮುಳ್ಳು ಸೆಕೆಂಡಿಗೆ ಒಂದು ಹೆಜ್ಜೆ ಇಡುವುದು ಹಾಗೆ. ಡಬ್ಬಿ ಕೆಟ್ಟರೆ ಡಬ್ಬಿಯನ್ನೇ ಬದಲಾಯಿಸುವುದು. ಅಂಗಡಿಯಲ್ಲಿ 'ಕ್ಲಾಕ್ ಮೆಷಿನ್' ಅಂದರೆ ಕೊಡುತ್ತಾರೆ, ಬೆಲೆಯೂ ಕಡಿಮೆ. ಆದರೆ ಬಹಳ ಸಲ ಅಷ್ಟು ದೂರವೂ ಹೋಗಬೇಕಾಗಿಲ್ಲ. ಸೆಲ್ ಸೋರಿ, ಅದು ಕೂರುವ ತಗಡಿನ ಮೇಲೆ ಬಿಳೀ ಹಿಟ್ಟಿನಂಥದ್ದು ಕಟ್ಟಿಕೊಂಡಿರುತ್ತದೆ. ಹತ್ತಿಗೆ ನಿಂಬೆರಸ ಹಚ್ಚಿ ಉಜ್ಜಿ, ಒರೆಸಿ, ಒಣಗಿಸಿ, ಹೊಸ ಸೆಲ್ ಹಾಕಿದರೆ ಟಿಕ್ ಅನ್ನುತ್ತದೆ. ಇದನ್ನು ರಿಪೇರಿ ಅಂತ ಕರೆಯಲು ನಾಚಿಕೆಯಾದರೂ ಪರವಾಗಿಲ್ಲ, ಕರೆಯಿರಿ. ಮೊದಲ ಗೆಲುವು ಅಗ್ಗಕ್ಕೆ ಸಿಗಬೇಕು.

ಆಮೇಲೆ ಬಿಚ್ಚುವ ವಿದ್ಯೆ. ಇದನ್ನು ಯಾರೂ ವಿದ್ಯೆ ಅಂತ ಪರಿಗಣಿಸುವುದಿಲ್ಲ. ಆದರೆ ಅರ್ಧ ರಿಪೇರಿ ಇರುವುದೇ ಇದರಲ್ಲಿ. ಈಗಿನ ವಸ್ತುಗಳಿಗೆ ಸ್ಕ್ರೂ ಇದ್ದರೂ ಮರ್ಯಾದೆಯಿಂದ ಕಾಣಿಸಿಕೊಳ್ಳುವುದಿಲ್ಲ. ರಬ್ಬರ್ ಕಾಲಿನ ಅಡಿಯಲ್ಲೋ ಕಂಪನಿ ಸ್ಟಿಕ್ಕರಿನ ಹಿಂದೆಯೋ ಅಡಗಿರುತ್ತವೆ. ಸ್ಟಿಕ್ಕರಿನ ಮೇಲೆ ಬೆರಳಾಡಿಸಿದರೆ ಒಂದು ಕಡೆ ಕುಳಿಯ ಹಾಗೆ ಒಳಗೆ ತಗ್ಗುತ್ತದೆ. ಸ್ಕ್ರೂ ಇರುವುದು ಅಲ್ಲೇ. ಕೆಲವಕ್ಕೆ ಸ್ಕ್ರೂವೇ ಇಲ್ಲ, ಬರೀ ಪ್ಲಾಸ್ಟಿಕ್ ಕೊಂಡಿಗಳು. ಅಲ್ಲಿಗೆ ಅವಧಿ ಮುಗಿದ ಎಟಿಎಂ ಕಾರ್ಡೇ ಒಳ್ಳೆಯ ಆಯುಧ. ಸಂದಿಯಲ್ಲಿ ತೂರಿಸಿ ನಿಧಾನ ಜಾರಿಸುತ್ತಾ ಹೋದರೆ ಪಟ್ ಪಟ್ ಅಂತ ಒಂದೊಂದೇ ಬಿಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಂಚು ಕಚ್ಚಿಹೋಗಿ, ಯಾರು ನೋಡಿದರೂ "ಇದನ್ನ ಬಿಚ್ಚಿದ್ದಾರೆ" ಅನ್ನುವ ಹಾಗಾಗುತ್ತದೆ.

ಬಿಚ್ಚಿದ ಸ್ಕ್ರೂಗಳನ್ನು ಇಡುವುದಕ್ಕೆ ಇಡ್ಲಿ ತಟ್ಟೆಯಷ್ಟು ಅನುಕೂಲದ ಪಾತ್ರೆ ಇನ್ನೊಂದಿಲ್ಲ. ಮೊದಲು ಬಿಚ್ಚಿದ್ದು ಮೊದಲ ಗುಳಿಯಲ್ಲಿ, ಆಮೇಲಿನದ್ದು ಪಕ್ಕದ್ದರಲ್ಲಿ. ವಾಪಸ್ ಜೋಡಿಸುವಾಗ ಉಲ್ಟಾ ಬಂದರೆ ಆಯಿತು. ಹಳೇ ತಟ್ಟೆಯನ್ನು ಕೇಳಿ ಇಸಕೊಳ್ಳಿ, ಕೇಳದೆ ತೆಗೆದುಕೊಂಡರೆ ಆಗುವುದು ಬೇರೆ ಥರದ ರಿಪೇರಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಕೆಂಪು ವೈರು ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಆಮೇಲೆ ದೇವರಾಣೆಗೂ ನೆನಪಾಗುವುದಿಲ್ಲ.

ಇಷ್ಟಾದ ಮೇಲೆ ದುಡ್ಡು ಹಾಕಿ ಕೊಳ್ಳಬೇಕಾದ ಒಂದು ಸಾಮಾನಿದೆ, ಕರೆಂಟಿನ ಲೆಕ್ಕಗಳನ್ನು ಅಳೆಯುವ ಮಲ್ಟಿಮೀಟರ್. ಎಲ್ಲರೂ ಸೋಲ್ಡರಿಂಗ್ ಐರನ್ ಮೊದಲು ತರುತ್ತಾರೆ, ಹೊಗೆ ಬರುತ್ತದೆ, ಎಂಜಿನಿಯರ್ ಥರ ಕಾಣುತ್ತದೆ ಅಂತ. ಎಲ್ಲಿ ಕೆಟ್ಟಿದೆ ಅಂತಲೇ ಗೊತ್ತಿಲ್ಲದಿದ್ದರೆ ಬೆಸುಗೆ ಹಾಕುವುದಾದರೂ ಎಲ್ಲಿಗೆ? ಸಾದಾ ಮೀಟರ್ ಸಾಕು, ಆದರೆ ಬೀಪ್ ಅನ್ನುವಂಥದ್ದೇ ಇರಲಿ. ಅದರ ಎರಡು ಕಡ್ಡಿಗಳ ನಡುವೆ ಕರೆಂಟಿಗೆ ದಾರಿ ಇದ್ದರೆ ಬೀಪ್, ಇಲ್ಲದಿದ್ದರೆ ಮೌನ. ಮನೆಯ ಅರ್ಧಕ್ಕರ್ಧ ತೊಂದರೆಗಳು ಎಲ್ಲೋ ಒಂದು ಕಡೆ ದಾರಿ ತುಂಡಾದದ್ದು, ಅಷ್ಟೇ.

ಇಸ್ತ್ರಿ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಬಿಸಿಯಾಗುತ್ತಿಲ್ಲ. ಮೊದಲು ಪ್ಲಗ್ ಗೋಡೆಯಿಂದ ಹೊರಗೆ. ಇದು ಹೇಳಬೇಕಾದ ಮಾತಲ್ಲ, ಆದರೂ ಹೇಳುತ್ತೇನೆ, ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ತಾಪದ ಗುಂಡಿಯನ್ನು ಆಫ್‌ನಿಂದ ಆಚೆಗೆ ತಿರುಗಿಸಿ. ಮೀಟರನ್ನು ಓಮ್‌ಗೆ, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ ಅಳೆಯುವ ಜಾಗಕ್ಕೆ ಇಟ್ಟು, ಪ್ಲಗ್ಗಿನ ಎರಡು ಚಿಕ್ಕ ಪಿನ್ನುಗಳಿಗೆ ಕಡ್ಡಿ ಮುಟ್ಟಿಸಿ. ನಿಮ್ಮದು 750 ವಾಟ್ ಪೆಟ್ಟಿಗೆಯಾದರೆ 70ರ ಆಸುಪಾಸು ತೋರಿಸಬೇಕು. ತೋರಿಸಿದರೆ ಪೆಟ್ಟಿಗೆ ಚೆನ್ನಾಗಿಯೇ ಇರಬಹುದು, ಗೋಡೆಯ ಸಾಕೆಟ್ ಮೇಲೆ ಅನುಮಾನ ಪಡಿ. ಏನೂ ತೋರಿಸದಿದ್ದರೆ ವೈರು ಪೆಟ್ಟಿಗೆಯೊಳಗೆ ಹೋಗುವ ಕುತ್ತಿಗೆ ಇದೆಯಲ್ಲ, ಅಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ. ಅಂಕಿ ಬಂದು ಬಂದು ಹೋಗುತ್ತಿದೆಯಾ? ಸಿಕ್ಕಿತು. ಅಂಗಿಯ ತೋಳಿಗೊಂದು ಸಲ, ಕಾಲರಿಗೊಂದು ಸಲ ತಿರುಚಿಸಿಕೊಂಡು ಒಳಗಿನ ತಾಮ್ರ ಅಲ್ಲೇ ತುಂಡಾಗಿದೆ. ಹೊರಗಿನ ಬಟ್ಟೆ ಮಾತ್ರ ಏನೂ ಆಗದವರ ಹಾಗೆ ಇದೆ. ಆ ತುದಿಯನ್ನು ಕತ್ತರಿಸಿ, ವೈರನ್ನು ಸ್ವಲ್ಪ ಗಿಡ್ಡ ಮಾಡಿ, ಇದ್ದ ಜಾಗಕ್ಕೇ ಬಿಗಿದರೆ ಮುಗಿಯಿತು. ಹಸಿರು ವೈರು, ಅಂದರೆ ಅರ್ತ್, ಪೆಟ್ಟಿಗೆಯ ತಗಡಿಗೆ ಮತ್ತೆ ಸೇರಲೇಬೇಕು, ಕರೆಂಟು ಸೋರಿ ತಗಡಿಗೆ ಬಂದರೆ ಶಾಕ್ ಹೊಡೆಯದಂತೆ ಕಾಯುವುದು ಅದೇ. ಅದಿಲ್ಲದೆಯೂ ಪೆಟ್ಟಿಗೆ ಬಿಸಿಯಾಗುತ್ತದೆ, ಅಪಾಯ ಇರುವುದೇ ಅಲ್ಲಿ.

ನನ್ನನ್ನು ಕೇಳಿದರೆ ಈ ಒಂದು ರಿಪೇರಿ ಹತ್ತು ವಿಡಿಯೊಗೆ ಸಮ. ಹುಡುಕುವುದು ಬಂತು, ಬಿಚ್ಚುವುದು ಬಂತು, ಅರ್ತ್ ಯಾಕೆ ಅಂತ ಗೊತ್ತಾಯಿತು. ಇಸ್ತ್ರಿಗೆ ಅಂಗಡಿಗೇ ಕೊಡುವ ಮನೆಯಾದರೆ ಕಾಯುವವರೂ ಇಲ್ಲ.

ಬೆಸುಗೆ ಇದರ ನಂತರ. 25 ವಾಟಿನ ಐರನ್ ಸಾಕು, 60 ಪಾಲು ತವರಕ್ಕೆ 40 ಪಾಲು ಸೀಸ ಬೆರೆತ 60-40ರ ತಂತಿ ಸಾಕು, ಅದು 190 ಡಿಗ್ರಿಯ ಒಳಗೇ ಕರಗುತ್ತದೆ. ಹೊಸಬರೆಲ್ಲ ಐರನ್ ತುದಿಯಲ್ಲಿ ಸೀಸ ಕರಗಿಸಿ ವೈರಿನ ಮೇಲೆ ತೊಟ್ಟಿಕ್ಕಿಸುತ್ತಾರೆ. ಅದು ನಿಲ್ಲುವುದಿಲ್ಲ. ವೈರನ್ನು ಬಿಸಿ ಮಾಡಿ, ಸೀಸವನ್ನು ವೈರಿಗೆ ತಾಗಿಸಬೇಕು. ಆಗ ತಾನಾಗಿ ಹರಿದು ಒಳಗೆ ಇಳಿಯುತ್ತದೆ, ಹೊಳೆಯುತ್ತದೆ. ಮಂಕಾಗಿ ಗುಳ್ಳೆ ಕಟ್ಟಿದ್ದರೆ ಇನ್ನೊಮ್ಮೆ ಮಾಡಿ. ಮುಗಿಸಿದ ಮೇಲೆ ಕೈ ತೊಳೆದುಕೊಂಡೇ ಊಟಕ್ಕೆ ಕೂರಿ. ಅಭ್ಯಾಸಕ್ಕೆ ಮಕ್ಕಳ ಆಟಿಕೆ ಒಳ್ಳೆಯದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆಟಿಕೆಗೆ ಕಾಯುವವರು ಬಾಗಿಲಲ್ಲಿ ನಿಲ್ಲುವುದಿಲ್ಲ, ನಿಮ್ಮ ಮೊಣಕೈಗೇ ಒರಗಿ ಕೂತಿರುತ್ತಾರೆ, ಕಾದ ಐರನ್ ಪಕ್ಕದಲ್ಲಿ.

ಸೀಲಿಂಗ್ ಫ್ಯಾನಿನ ವಿಷಯ ಸಣ್ಣದು. ಹಮ್ ಅನ್ನುತ್ತದೆ, ತಿರುಗುವುದಿಲ್ಲ, ಕೋಲಿನಿಂದ ತಳ್ಳಿದರೆ ಸೋಮಾರಿಯಾಗಿ ತಿರುಗುತ್ತದೆ ಅಂದರೆ ಹೆಚ್ಚಾಗಿ ಮೋಟಾರಿಗೆ ಮೊದಲ ತಳ್ಳು ಕೊಡುವ ಕಂಡೆನ್ಸರ್ ಹೋಗಿದೆ. ಅದರ ಅಳತೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, ಹಳೆಯದರ ಮೈಮೇಲೇ ಬರೆದಿರುತ್ತದೆ. ಅಷ್ಟರದ್ದೇ ತಂದು ಹಾಕಿ. ಸ್ವಿಚ್ ಒಂದೇ ಆರಿಸಿದರೆ ಸಾಲದು, ಮೇನ್ ತೆಗೆಯಿರಿ. ಏಣಿ ಹಿಡಿಯಲು ಒಬ್ಬರಿರಲಿ. ಈ ಕೆಲಸಕ್ಕೆ ಚಳಿಗಾಲವೇ ಲೇಸು, ಏಪ್ರಿಲ್‌ನಲ್ಲಿ ಫ್ಯಾನ್ ಬಿಚ್ಚುವುದು ಧೈರ್ಯ ಅಲ್ಲ, ಮೊಂಡುತನ.

ಇಷ್ಟು ದಾಟಿದ ಮೇಲೆ ಮಿಕ್ಸಿಗೆ ಬರಬಹುದು. ಅದರಲ್ಲೂ ಒಂದು ತಮಾಷೆ ಇದೆ. ಮಿಕ್ಸಿ ನಿಂತಿತು ಅಂತ ಗಾಬರಿಯಾಗುವ ಮೊದಲು ಬುಡ ಮೇಲು ಮಾಡಿ ನೋಡಿ. ಸಾಮಾನ್ಯವಾಗಿ ಅಲ್ಲೊಂದು ಕೆಂಪು ಗುಂಡಿ ಇರುತ್ತದೆ. ಗಟ್ಟಿ ಹಿಟ್ಟು ಜಾಸ್ತಿ ತುಂಬಿದಾಗ ಮೋಟಾರು ಸುಡದಿರಲಿ ಅಂತ ತಾನೇ ಎಗರಿಕೊಳ್ಳುವ ಗುಂಡಿ ಅದು. ಸ್ವಲ್ಪ ತಣಿಯಲು ಬಿಟ್ಟು ಒತ್ತಿದರೆ ಸರಿ. ಮೋಟಾರು ತಿರುಗುತ್ತಿದೆ, ಜಾರಿನ ಬ್ಲೇಡು ತಿರುಗುತ್ತಿಲ್ಲ ಅಂದರೆ ಮೋಟಾರಿನ ತಿರುಗನ್ನು ಜಾರಿಗೆ ದಾಟಿಸುವ ಕಪ್ಲರ್ ಸವೆದಿದೆ. ಬಹಳಷ್ಟು ಮಿಕ್ಸಿಗಳಲ್ಲಿ ಅದನ್ನು ಮೋಟಾರು ತಿರುಗುವ ದಿಕ್ಕಿಗೇ ತಿರುಗಿಸಿ ಬಿಚ್ಚಬೇಕು. ರುಬ್ಬಿದಷ್ಟೂ ಬಿಗಿಯಾಗಲಿ ಅಂತ ಹಾಗೆ ಮಾಡಿರುತ್ತಾರೆ. ಗೊತ್ತಿಲ್ಲದವರು ಇನ್ನೊಂದು ದಿಕ್ಕಿಗೆ ಬಲ ಹಾಕಿ ಹಾಕಿ ಕೈ ಸೋತು ಕೂರುತ್ತಾರೆ.

ಬಿಡಿಭಾಗ ಬೇಕೆಂದರೆ ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಅಲ್ಲಿ ಕೌಂಟರಿನ ಮುಂದೆ ನಿಂತು "ಅದೇ, ಉದ್ದಕ್ಕೆ ಇರುತ್ತಲ್ಲ, ತುದಿಯಲ್ಲಿ ಸ್ವಲ್ಪ ಸೊಟ್ಟಗೆ" ಅಂತ ಕೈಯಲ್ಲಿ ಗಾಳಿ ತಿದ್ದಿದರೆ ಏನೂ ಸಿಗುವುದಿಲ್ಲ. ಅಂಗಡಿಯವರು ತಲೆ ಎತ್ತದೆ ಕೇಳುವುದು ಒಂದೇ ಮಾತು, "ಹಳೇದು ತಂದಿದ್ದೀರಾ?" ಕೆಟ್ಟ ಪೀಸನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಹೆಸರು ಗೊತ್ತಿರಬೇಕಾಗಿಲ್ಲ, ಅವರೇ ಹೇಳುತ್ತಾರೆ. ಒಬ್ಬರೇ ಕಲಿಯಲು ಬೇಜಾರಾದರೆ ರಿಪೇರಿ ಕೆಫೆಗಳೂ ಇವೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾದದ್ದು, 2015ರಲ್ಲಿ ಬೆಂಗಳೂರಿಗೂ ಬಂತು. ಕೆಟ್ಟದ್ದನ್ನು ತಂದವರ ಜೊತೆ ತಿಳಿದವರು ಕೂತು ಸರಿ ಮಾಡುವ ಪದ್ಧತಿ ಅಲ್ಲಿನದು.

ಒಂದು ಇಸ್ತ್ರಿ ಪೆಟ್ಟಿಗೆ ಸರಿ ಮಾಡಿದ್ದು ಸುದ್ದಿಯಾದ ಮೇಲೆ ಮಾತ್ರ ಲೆಕ್ಕ ತಪ್ಪುತ್ತದೆ. ಕಾಯುವವರ ಸಾಲು ಅಕ್ಕಪಕ್ಕದ ಮನೆಗೂ ಬೆಳೆಯುತ್ತದೆ. ನಮ್ಮ ಮೇಲಿನ ಮನೆ ಆಂಟಿ ಮೈಕ್ರೋವೇವ್ ಹೊತ್ತುಕೊಂಡು ಬಂದರು. ಅದನ್ನು ಮುಟ್ಟಲ್ಲ ಅಂದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕಂಡೆನ್ಸರಿನಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರುತ್ತೆ, ಅದು ತಿಳಿದವರ ಕೆಲಸ ಅಂತ ವಿವರಿಸಿದೆ. "ಹೌದಾ ಪುಟ್ಟಾ" ಅಂತ ವಾಪಸ್ ಹೋದವರು ಮಾರನೇ ದಿನ ಕುಕ್ಕರ್ ಹಿಡಿದು ಬಂದರು. ಸುತ್ತಲೂ ಆವಿ ಬರ್ತಿದೆಯಂತೆ.

"ಗ್ಯಾಸ್ಕೆಟ್ ಬದಲಾಯಿಸಬೇಕು ಆಂಟಿ."

"ಅದು ನಂಗೂ ಗೊತ್ತು ಕಣೋ. ಯಾವ ಸೈಜು ಅಂತ ಹೇಳು."

"ಹಳೇದು ತಗೊಂಡು ಹೋಗಿ" ಅಂದೆ.