ತೊಲೆ ಮುರಿದು ಒಲೆಗಿಟ್ಟವರು

ಇಡ್ಲಿಗೂ ಪ್ರೋಟೀನ್ ಬಂದಿದೆಯೆಂಬ ಶುಭವಾರ್ತೆ ನಮ್ಮ ಬಡಾವಣೆಯ ದರ್ಶಿನಿಯೊಂದರ ಫಲಕದಿಂದ ತಿಳಿಯಿತು. ಉದ್ದಿನಬೇಳೆ ಹಾಕಿದ ಇಡ್ಲಿಯಲ್ಲಿ ಅದು ಮೊದಲೇ ಇತ್ತಲ್ಲ ಎಂದು ಗಲ್ಲಾದಲ್ಲಿದ್ದವರನ್ನು ಕೇಳಿದೆ. ‘ಅದು ಹಳೇ ಪ್ರೋಟೀನು ಸಾರ್’ ಎಂದು 40 ರೂಪಾಯಿ ಹೆಚ್ಚಿಗೆ ಪಡೆದರು.

ಕುಲ್ಫಿ, ಲಸ್ಸಿ, ಕಾಫಿ, ಕಡೆಗೆ ನೀರಿಗೂ ಪ್ರೋಟೀನ್ ಬೆರೆಸಿ ‘ದಿನವಿಡೀ ಶಕ್ತಿ’ ಎಂದು ಮಾರುವ ಮಹನೀಯರ ಜಾಣ್ಮೆಗೆ ತಲೆಬಾಗಲೇಬೇಕು. ದೇಹದ ಒಲೆಗೆ ಮೊದಲು ಕೈಗೆ ಸಿಗುವ ಪುಳ್ಳೆಯೆಂದರೆ ಅನ್ನ, ಮುದ್ದೆಗಳ ಪಿಷ್ಟ; ಅದು ಗ್ಲೂಕೋಸ್ ಆಗಿ ಉರಿಯುತ್ತದೆ, ಮಿಕ್ಕಿದ್ದರಲ್ಲಿ ಯಕೃತ್ತು ಸುಮಾರು 100 ಗ್ರಾಂ, ಸ್ನಾಯುಗಳು ಸುಮಾರು 400 ಗ್ರಾಂ ಗ್ಲೈಕೋಜನ್ (ಗ್ಲೂಕೋಸಿನ ದಾಸ್ತಾನು ರೂಪ) ಮಾಡಿ ಇಟ್ಟುಕೊಳ್ಳುತ್ತವೆ. ಗ್ರಾಂಗೆ 9 ಕಿಲೊಕ್ಯಾಲೊರಿ ಕೊಡುವ ಕೊಬ್ಬು ನಿಧಾನವಾಗಿ ಉರಿಯುವ ಕೊರಡು. ಪ್ರೋಟೀನ್ ಮೈಯನ್ನು ಕಟ್ಟುವ ಸಾಮಗ್ರಿ, ಮನೆಯ ತೊಲೆಯಿದ್ದಂತೆ. ಗ್ರಾಂಗೆ 4 ಕಿಲೊಕ್ಯಾಲೊರಿ ಅದರಲ್ಲೂ ಉಂಟು, ತೊಲೆಯೂ ಮರವೇ ತಾನೇ! ಆದರೆ ಉರಿಸುವ ಮೊದಲು ಅದರ ಸಾರಜನಕವನ್ನು ಕಿತ್ತು, ಯೂರಿಯಾ ಮಾಡಿ, ಮೂತ್ರದಲ್ಲಿ ಹೊರಹಾಕಬೇಕು. ಅದು ಕೊಡುವ ಶಕ್ತಿಯಲ್ಲಿ ಐದನೇ ಒಂದು ಪಾಲಾದರೂ ಅದನ್ನು ಅರಗಿಸುವುದಕ್ಕೇ ಖರ್ಚು. 2025ರ ಮುಂಗಾರಿನಲ್ಲಿ ರೈತರು ಯೂರಿಯಾ ಚೀಲಕ್ಕಾಗಿ ಸರತಿಯಲ್ಲಿ ನಿಂತಿದ್ದಾಗ ನಮ್ಮ ಜಿಮ್ಮುಗಳ ಸದಸ್ಯರು ಅದನ್ನು ನಿತ್ಯವೂ ಉಚಿತವಾಗಿ ಚರಂಡಿಗೆ ಬಿಡುತ್ತಿದ್ದರೆಂಬುದನ್ನು ಕೃಷಿ ಇಲಾಖೆ ಗಮನಿಸದೆ ಹೋದದ್ದು ದುರದೃಷ್ಟಕರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ಲೆಕ್ಕ ಕಿಲೋ ತೂಕಕ್ಕೆ ದಿನವೊಂದಕ್ಕೆ 0.83 ಗ್ರಾಂ ಪ್ರೋಟೀನ್, ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಹೆಚ್ಚಾದದ್ದನ್ನು ಕೂಡಿಡಲು ಪ್ರೋಟೀನಿಗೆ ಗ್ಲೈಕೋಜನ್ನಿನಂಥ ಕಣಜವಿಲ್ಲ. ನಮ್ಮ ಪಕ್ಕದ ಮನೆಯ ಯುವಕ ಎರಡು ಚಮಚ ಪ್ರೋಟೀನ್ ಪುಡಿ ಕದಡಿ ಕುಡಿದು, ಒಂದನೇ ಮಹಡಿಗೆ ಹೋಗಲು ಲಿಫ್ಟಿಗಾಗಿ ಕಾಯುತ್ತಾನೆ. ಮುದ್ದೆಯನ್ನು ‘ಬರೀ ಕಾರ್ಬು’ ಎಂದು ಮೂಗು ಮುರಿಯುತ್ತಾನೆ; ಅವನ ಅಜ್ಜ ಅದನ್ನೇ ಉಂಡು ದಿನವಿಡೀ ನೇಗಿಲು ಹಿಡಿದವರು.

ನಗು ಇಲ್ಲಿಗೆ ಸಾಕು. ಇದೇ ರಾಜ್ಯದಲ್ಲಿ 2021ರಲ್ಲಿ ಯಾದಗಿರಿ, ರಾಯಚೂರಿನಂಥ ಜಿಲ್ಲೆಗಳ ಶಾಲಾಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ ಪ್ರೋಟೀನ್. ಮನೆಯಲ್ಲಿ ಅನ್ನ ಸಾಲದ ಮಗುವಿಗೆ ಆ 6 ಗ್ರಾಮೂ ಬೆಳವಣಿಗೆಗೆ ದಕ್ಕದೆ, ಹೊತ್ತಿನ ಹಸಿವಿಗೆ ಉರುವಲಾಗಿ ಹೋಗಬಹುದು. ಬೇಡವೆನ್ನಲು ನಾವು ಅಷ್ಟು ಚರ್ಚೆ ಮಾಡಿದ್ದು ಆ ಒಂದು ಮೊಟ್ಟೆಯ ಬಗ್ಗೆ.