ಸ್ಟೇ ತರುವ ನಮ್ಮ ಚಾಳಿ

ಕ್ಯಾಲಿಫೋರ್ನಿಯಾದಲ್ಲಿ ಕೂತು ಕನ್ನಡ ಪತ್ರಿಕೆ ತೆರೆದರೆ ಆಗಾಗ ಚುಚ್ಚುವ ಸುದ್ದಿ ಒಂದೇ: ಇಂಥ ನಾಯಕರು ಸ್ಟೇ ತಂದಿದ್ದಾರೆ. 2021ರ ಮಾರ್ಚ್‌ನಲ್ಲಂತೂ ಆರು ಸಚಿವರು ಒಟ್ಟಾಗಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದ ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದರು. ಸುದ್ದಿ ಇನ್ನೂ ಬಂದೇ ಇರಲಿಲ್ಲ!

ಇಲ್ಲಿ, ಅಮೆರಿಕದಲ್ಲಿ, ಮಾನನಷ್ಟದ ವಿಷಯಕ್ಕೆಲ್ಲ ಬುಡ 1964ರ ಸಲ್ಲಿವನ್ ತೀರ್ಪು. ಮಾರ್ಟಿನ್ ಲೂಥರ್ ಕಿಂಗ್ ನಾಲ್ಕು ಸಲ ಬಂಧಿತರಾಗಿದ್ದರೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂದ ಜಾಹೀರಾತಿನಲ್ಲಿ ಏಳು ಸಲ ಎಂದಿತ್ತು. ಅಲಬಾಮದ ನಗರ ಆಯುಕ್ತ ಸಲ್ಲಿವನ್ ದಾವೆ ಹೂಡಿದ; ಅಲ್ಲಿನ ಜೂರಿ ಪತ್ರಿಕೆಯ ವಿರುದ್ಧ 5 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು: ಅಧಿಕಾರದಲ್ಲಿರುವವನು ಗೆಲ್ಲಬೇಕಾದರೆ, ಪತ್ರಿಕೆ ಸುಳ್ಳೆಂದು ಗೊತ್ತಿದ್ದೇ ಅಥವಾ ನಿಜ-ಸುಳ್ಳಿನ ಪರಿವೆಯೇ ಇಲ್ಲದೆ ಅಚ್ಚುಹಾಕಿತೆಂದು ತೋರಿಸಬೇಕು.

ನಮ್ಮ ಸುಪ್ರೀಂ ಕೋರ್ಟ್ ಕೂಡ 1994ರಲ್ಲಿ, ತಮಿಳು ಪತ್ರಿಕೆಯ ಸಂಪಾದಕ ರಾಜಗೋಪಾಲ್ ಅವರ ಪ್ರಕರಣದಲ್ಲಿ, ಅಧಿಕಾರಿಗಳ ಕರ್ತವ್ಯದ ಮಟ್ಟಿಗೆ, ಹೆಚ್ಚುಕಡಿಮೆ ಇದನ್ನೇ ಹೇಳಿದೆ. ವ್ಯತ್ಯಾಸವಿರುವುದು ತತ್ವದಲ್ಲಲ್ಲ, ದಾವೆಯ ಮೊದಲ ದಿನಗಳಲ್ಲಿ.

ಕ್ಯಾಲಿಫೋರ್ನಿಯಾದಲ್ಲಿ ದಾವೆಯ ಪ್ರತಿ ಕೈಸೇರಿದ 60 ದಿನಗಳೊಳಗೆ ಪತ್ರಿಕೆ ‘ಸ್ಲಾಪ್’ (ಬಾಯಿ ಮುಚ್ಚಿಸಲೆಂದೇ ಹೂಡುವ ದಾವೆ) ವಿರೋಧಿ ಅರ್ಜಿ ಹಾಕಬಹುದು. ಬರೆದದ್ದು ಸಾರ್ವಜನಿಕ ವಿಷಯವೆಂದು ಪತ್ರಿಕೆ ತೋರಿಸಿದರೆ, ಗೆಲ್ಲುವ ಸಾಧ್ಯತೆ ಇದೆಯೆಂದು ವಾದಿ ಸಾಕ್ಷ್ಯ ಸಮೇತ ತೋರಿಸಬೇಕು. ಆಗದಿದ್ದರೆ ದಾವೆ ವಜಾ. ಪತ್ರಿಕೆಯ ವಕೀಲರ ಫೀಸೂ ವಾದಿಯೇ ಕಟ್ಟಬೇಕು.

ಬೆಂಗಳೂರಿನಲ್ಲಿ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರ ಅಡಿ, ತಡೆ ಕೋರಿ ಮಧ್ಯಂತರ ಅರ್ಜಿ. ನಿಯಮ 3ರ ಪ್ರಕಾರ ಎದುರು ಪಕ್ಷಕ್ಕೆ ನೋಟಿಸ್ ಕೊಡದೆ ತಡೆ ಕೊಟ್ಟರೆ ಕಾರಣ ಬರೆಯಬೇಕು. ನಿಯಮ 3ಎ ಪ್ರಕಾರ 30 ದಿನಗಳಲ್ಲಿ ಅರ್ಜಿ ಇತ್ಯರ್ಥಪಡಿಸಲು ಯತ್ನಿಸಬೇಕು. ಎಡವುವುದು ಇಲ್ಲೇ. ಕಾರಣದ ಜಾಗದಲ್ಲಿ ‘ಮೇಲ್ನೋಟಕ್ಕೆ ಪ್ರಕರಣವಿದೆ’ ಎಂಬ ಸಾಲು, ಆಮೇಲೆ ವಾಯಿದೆ ಮೇಲೆ ವಾಯಿದೆ. ತಡೆ ತೆರವಿಗೆ ನಿಯಮ 4ರ ಅರ್ಜಿ ಹಾಕಿ ಓಡಾಡಬೇಕಾದವನು ವರದಿಗಾರ. ಜಿಲ್ಲಾ ಪತ್ರಿಕೆಯವನಾದರೆ ಬೆಂಗಳೂರಿನ ಬಸ್ ಚಾರ್ಜೂ ಅವನದೇ. 2024ರ ಮಾರ್ಚ್‌ನಲ್ಲಿ ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್‌ನ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇಂಥ ಯಾಂತ್ರಿಕ ತಡೆಗಳನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿತು. ಇದರ ಮೇಲೆ ಮಾನನಷ್ಟಕ್ಕೆ ಎರಡು ವರ್ಷದವರೆಗಿನ ಜೈಲಿನ ಭಯ ಬೇರೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ.

ಆದರೂ ಕ್ಯಾಲಿಫೋರ್ನಿಯಾದ ಪದ್ಧತಿಯನ್ನು ಪೂರ್ತಿ ಹೊಗಳಲಾರೆ. ವರದಿಗಾರನ ಮನಸ್ಸಿನಲ್ಲಿ ಏನಿತ್ತೆಂದು ತೋರಿಸಲು ವಾದಿಗೆ ಅವನ ಟಿಪ್ಪಣಿ, ಇಮೇಲ್ ಬೇಕು. ‘ಸ್ಲಾಪ್’ ವಿರೋಧಿ ಅರ್ಜಿ ಸಲ್ಲಿಕೆಯಾದೊಡನೆ ಅವನ್ನು ಕೇಳಿ ಪಡೆಯುವ ದಾರಿಯೇ ಸಾಮಾನ್ಯವಾಗಿ ಮುಚ್ಚುತ್ತದೆ; ಸಕಾರಣ ತೋರಿಸಿದರಷ್ಟೇ ಕೋರ್ಟ್ ತೆರೆಯುತ್ತದೆ. ನಿಜಕ್ಕೂ ಸುಳ್ಳು ಬರೆಸಿಕೊಂಡ ಸಣ್ಣ ಊರಿನ ಚುನಾಯಿತ ಸದಸ್ಯ, ಸಾಕ್ಷ್ಯ ಕೈಗೆ ಸಿಗುವ ಮೊದಲೇ ಸೋತು, ಎದುರಾಳಿಯ ವಕೀಲರಿಗೂ ಹಣ ಕಟ್ಟಬೇಕಾಗಬಹುದು.